ದೇಸೂರ ಸಿದ್ಧಾಂತ: ಬಿ.ಎ. ಭೂಗೋಳದ ಭೂರಚನೆಯನ್ನು ಕುರಿತು ಒಂದು ಪ್ರೌಢ ಪ್ರಬಂಧ

ಪೀಠಿಕೆ

ಭೂಮಿ ಹೇಗೆ ರಚನೆಯಾಗಿದೆ ಎಂಬುದರ ಮೇಲೆ ಗ್ರಂಥಗಳಿಗೆ ಬರವಿಲ್ಲ. ಆ ಭೂಮಿಯನ್ನು ಕಲಿಸುವ ಬಿ.ಎ. ಭೂಗೋಳ ಹೇಗೆ ರಚನೆಯಾಗಿದೆ ಎಂಬುದನ್ನು ಮಾತ್ರ ಯಾವ ವಿದ್ವಾಂಸನೂ ಅಗೆದು ನೋಡಿದಂತಿಲ್ಲ. ಈ ಕೊರತೆ ನೀಗಿಸಲು ನಾವು ವೀಕ್ಷಣಾಲಯವಾಗಿ ಆರಿಸಿಕೊಂಡದ್ದು ಬೆಳಗಾವಿ–ಖಾನಾಪುರ ನಡುವಿನ ದೇಸೂರ ರೈಲು ನಿಲ್ದಾಣವನ್ನು. ಆಯ್ಕೆಗೆ ಕಾರಣ ಶುದ್ಧ ವೈಜ್ಞಾನಿಕ: ಇಲ್ಲಿ ನಿಲ್ಲುವ ಗಾಡಿಗಳಿಗಿಂತ ಹಾದುಹೋಗುವವೇ ಹೆಚ್ಚು. ಹೀಗಾಗಿ ಚಿಂತನೆಗೆ ಬೇಕಾದಷ್ಟು ಪುರುಸೊತ್ತು.

ಪ್ರಮೇಯ 1: ವಿಶ್ವವಿದ್ಯಾಲಯ ಚಲನವಾದ

ಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಸಾರಿದ. ಅವನೇನಾದರೂ ದೇಸೂರಿಗೆ ಬಂದಿದ್ದರೆ ತಿದ್ದಿಕೊಳ್ಳುತ್ತಿದ್ದ: ನೆಲ ಇದ್ದಲ್ಲೇ ಇರುತ್ತದೆ, ಚಲಿಸುವುದು ವಿಶ್ವವಿದ್ಯಾಲಯ. ಪುರಾವೆ ನೋಡಿ. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದಾಗ ಈ ಸೀಮೆಯ ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಮುಂಬಯಿಯಲ್ಲೇ. ಮರುವರ್ಷ ಅದು ಧಾರವಾಡಕ್ಕೆ ಸರಿಯಿತು. 2010ರಲ್ಲಿ ಅದರಿಂದ ಒಂದು ಫಲಕ ಸೀಳಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೆಂಬ ಹೆಸರಿನಲ್ಲಿ ಭೂತರಾಮನಹಟ್ಟಿಗೆ ಬಂದು ನಿಂತಿತು. ಅಲ್ಲಿಗೂ ಚಲನೆ ಮುಗಿಯಲಿಲ್ಲ. ಹೊಸ ಆವರಣಕ್ಕೆ ಹಿರೇಬಾಗೇವಾಡಿ ಗೊತ್ತಾಯಿತು. ಇಷ್ಟೆಲ್ಲ ನಡೆದರೂ ದೇಸೂರ ಒಂದು ಗೇಣೂ ಅಲುಗಿಲ್ಲ. ಅಜ್ಜ, ಮಗ, ಮೊಮ್ಮಗ ಒಂದೇ ಹೊಸ್ತಿಲು ದಾಟಿ ಹೋಗಿ ಮೂರು ವಿಶ್ವವಿದ್ಯಾಲಯಗಳ ಪದವೀಧರರಾಗುವ ಅವಕಾಶ ಜಗತ್ತಿನ ಬೇರೆ ಯಾವ ಫಲಕದ ಮೇಲೆ ಇದೆ?

ಪ್ರಮೇಯ 2: ಸೃಷ್ಟಿಕ್ರಮ

ರಾಷ್ಟ್ರೀಯ ಶಿಕ್ಷಣ ನೀತಿ 2021–22ರಲ್ಲಿ ಕರ್ನಾಟಕದ ಪದವಿ ತರಗತಿಗೆ ಇಳಿದಾಗ ಭೂಗೋಳದ ಪಠ್ಯ ಪುರಾಣೋಕ್ತ ಕ್ರಮದಲ್ಲೇ ಬಂತು. ಮೊದಲ ಸೆಮಿಸ್ಟರಿನಲ್ಲಿ ಭೂರೂಪಗಳು, ಎರಡನೆಯದರಲ್ಲಿ ವಾಯುಗುಣ, ಮನುಷ್ಯ ಕಾಣಿಸಿಕೊಳ್ಳುವುದು ಮೂರನೆಯದರಲ್ಲಿ. ಅದೇ ನೀತಿಯಲ್ಲಿ ಒಂದು ವರ್ಷ ಓದಿ ಸರ್ಟಿಫಿಕೇಟು ಹಿಡಿದು ಹೊರಬೀಳಲು ಬಾಗಿಲೂ ಇತ್ತು. ಹಾಗೆ ಹೊರಬಿದ್ದವನ ಪಾಲಿಗೆ ಬೆಟ್ಟಗಳು ಎದ್ದಿವೆ, ಗಾಳಿ ಬೀಸುತ್ತಿದೆ, ಮಳೆ ಸುರಿಯುತ್ತಿದೆ. ಮನುಷ್ಯ ಇನ್ನೂ ಹುಟ್ಟಿಲ್ಲ. ಅಂಥವನಿಗೆ ನೌಕರಿ ಕೊಡುವವರು ಯಾರೂ ಇಲ್ಲದಿರುವುದು ಸಿದ್ಧಾಂತಕ್ಕೆ ಸಂಪೂರ್ಣ ಅನುಗುಣವಾಗಿಯೇ ಇದೆ.

ಪ್ರಮೇಯ 3: ಸ್ತರವಿನ್ಯಾಸ

ಹಳೆಯ ಪದರ ಕೆಳಗೆ, ಹೊಸದು ಮೇಲೆ ಎಂಬ ನಿಯಮವನ್ನು ನಿಕೋಲಸ್ ಸ್ಟೆನೋ 1669ರಲ್ಲಿ ಬರೆದಿಟ್ಟ. ಕಾಲೇಜಿನಲ್ಲಿ ಇದು ತಲೆಕೆಳಗು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರಕ್ಕೆ ಮರಳಿತು. ಆ ಸಾಲಿನಲ್ಲಿ ಉತ್ಖನನ ಮಾಡಿದವರಿಗೆ ಸಿಗುತ್ತಿದ್ದದ್ದು ಇದು: ತಳದಲ್ಲಿ ಹೊಸ ರಾಜ್ಯ ನೀತಿಯ ಮೊದಲ ವರ್ಷ, ಅದರ ಮೇಲೆ ಹಳೆಯ ರಾಷ್ಟ್ರೀಯ ನೀತಿಯ ಎರಡು ಪದರ, ಸಂದುಗಳಲ್ಲಿ ಅಲ್ಲಲ್ಲಿ ಅದಕ್ಕೂ ಹಿಂದಿನ ಯುಗದ ಪಳೆಯುಳಿಕೆಗಳು. ಈ ಪಳೆಯುಳಿಕೆಗಳನ್ನು ಸ್ಥಳೀಯರು ‘ಬ್ಯಾಕ್ ಉಳಿದವರು’ ಎನ್ನುತ್ತಾರೆ. ಇವು ಜೀವಂತವಾಗಿದ್ದು, ಪರೀಕ್ಷಾ ಅರ್ಜಿ ಕರೆದಾಗ ಚಲಿಸುತ್ತವೆ.

ಪ್ರಮೇಯ 4: ಕ್ರೆಡಿಟ್ ಮತ್ತು ಕಣ್ಣು

ವಾರಕ್ಕೆ ಒಂದು ತಾಸು ಪಾಠ ಕೇಳಿದರೆ ಒಂದು ಕ್ರೆಡಿಟ್. ಅದೇ ಪ್ರ್ಯಾಕ್ಟಿಕಲ್ ಆದರೆ ಒಂದು ಕ್ರೆಡಿಟ್ಟಿಗೆ ಎರಡು ತಾಸು ಸವೆಯಬೇಕು. ಇದರಿಂದ ಗಣಿತದ ಮೂಲಕವೇ ಸಿದ್ಧವಾಗುವುದೇನೆಂದರೆ, ಕಿವಿಯಿಂದ ಕೇಳಿದ ಗುಡ್ಡದ ಬೆಲೆ ಕಣ್ಣಾರೆ ಕಂಡ ಗುಡ್ಡದ ಎರಡರಷ್ಟು.

ಈ ದರದಲ್ಲಿ ದೇಸೂರಿನ ಹುಡುಗಿಗೆ ಆಗುವ ನಷ್ಟ ಅಪಾರ. ಅವಳು ಹುಟ್ಟಿದ್ದೇ ರಾಜಹಂಸಗಡದ ಗುಡ್ಡ ನೋಡುತ್ತ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಖಾನಾಪುರ ತಾಲೂಕು ಗುಡ್ಡಗಾಡು ವಲಯ, ಬೆಳಗಾವಿ ತಾಲೂಕು ಉತ್ತರ ಪರಿವರ್ತನಾ ವಲಯ. ಗೆರೆ ಎಳೆದದ್ದು ತಾಲೂಕಿನ ಗಡಿಯ ಮೇಲೆ. ಹೀಗಾಗಿ ಪಶ್ಚಿಮದಿಂದ ಬರುವ ಮೋಡ ಇಲ್ಲಿ ಒಮ್ಮೆ ನಿಂತು, ಕಂದಾಯ ದಾಖಲೆ ನೋಡಿಕೊಂಡೇ ಮುಂದಿನ ಹನಿ ಬಿಡಬೇಕಾಗಿದೆ. ಖಾನಾಪುರ ತಾಲೂಕಿನ ಕಾಡಿನಿಂದಲೇ ಮಲಪ್ರಭೆ ಕಣಕುಂಬಿಯಲ್ಲಿ ಹೊರಟು, ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ಮಹದಾಯಿ ಗೋವೆಯ ಕಡೆ ಇಳಿದು ಅರಬ್ಬಿ ಸಮುದ್ರಕ್ಕೆ ಬೀಳುತ್ತಾಳೆ. ಒಂದೇ ಭೂಗೋಳ ಬಿ.ಎ. ಆಗಿಯೂ ಬಿ.ಎಸ್‌ಸಿ. ಆಗಿಯೂ ಹರಿಯುವುದಕ್ಕೆ ಇದಕ್ಕಿಂತ ಸಮರ್ಪಕ ನಿದರ್ಶನ ಬೇಕೆ? ಆದರೆ ಇದೆಲ್ಲ ಕಿಟಕಿಯಾಚೆಗಿನ ವಿಷಯ. ಕಿಟಕಿಗೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇರುವುದು ಅವಳ ತೊಡೆಯ ಮೇಲಿರುವ ನೋಟ್ಸಿಗೆ. ಅದರಲ್ಲಿ ಜಲವಿಭಾಜಕ ಎಂದರೇನೆಂದು ಐದು ಅಂಕಕ್ಕಾಗುವಷ್ಟು ವಿವರಣೆ ಇದೆ.

ಪೂರ್ವಪಕ್ಷ ಮತ್ತು ಖಂಡನೆ

‘ಮೂರು ವರ್ಷದ ಪದವಿಯನ್ನು ನಾಲ್ಕಕ್ಕೆ ಒಯ್ದು ಮತ್ತೆ ಮೂರಕ್ಕೆ ತಂದದ್ದು ವ್ಯರ್ಥ ಸುತ್ತಲ್ಲವೇ?’ ಎಂದು ಅಲ್ಪಜ್ಞರು ಕೇಳಬಹುದು. ಅವರು ರೈಲಿನ ನಕಾಶೆ ನೋಡಲಿ. ಬೆಳಗಾವಿಗೆ ಧಾರವಾಡ ಇರುವುದು ಆಗ್ನೇಯಕ್ಕೆ. ರೈಲು ಮಾತ್ರ ದೇಸೂರ, ಖಾನಾಪುರ ದಾಟಿ ಲೋಂಡಾದ ಕಾಡು ಹೊಕ್ಕು, ಅಲ್ಲಿಂದ ತಿರುಗಿ ಧಾರವಾಡ ಸೇರುತ್ತದೆ. ಕಿತ್ತೂರಿನ ಮೇಲೆ ನೇರ ಮಾರ್ಗ ಮಾಡುವ ಯೋಜನೆ ಇದೆ. ಅದಕ್ಕೆ ಜಮೀನು ಕೊಡಬೇಕಾದ ರೈತರ ತಕರಾರೂ ಇದೆ. ಲೋಂಡಾ ನೋಡದೆ ಧಾರವಾಡ ಮುಟ್ಟುವುದು ಈ ಸೀಮೆಯ ಸಂಪ್ರದಾಯವೇ ಅಲ್ಲ. ನೀತಿಗೆ ಬೇರೆ ನ್ಯಾಯ ಏಕೆ?

ಉಪಸಂಹಾರ

ಈಗ ಮುನ್ಸೂಚನೆ. ಮುಂಬಯಿ ದೇಸೂರಿನಿಂದ 400 ಕಿಲೋಮೀಟರಿಗೂ ಆಚೆ. ಧಾರವಾಡ ನೂರರೊಳಗೆ. ಭೂತರಾಮನಹಟ್ಟಿ ಮೂವತ್ತರ ಆಸುಪಾಸು. ಹಿರೇಬಾಗೇವಾಡಿ ಅದಕ್ಕೂ ಹತ್ತಿರ. ಬಿಂದುಗಳನ್ನು ಗ್ರಾಫಿನ ಮೇಲಿಟ್ಟು ಗೆರೆ ಮುಂದುವರಿಸಿದರೆ ಸಾಕು, ವಿಶ್ವವಿದ್ಯಾಲಯ ಒಂದಲ್ಲ ಒಂದು ದಿನ ದೇಸೂರಿಗೇ ಬಂದು ಮುಟ್ಟುವುದು ಅನಿವಾರ್ಯ. ಆಗ ಭೂಗೋಳ ವಿಭಾಗದ ಕಿಟಕಿಯಿಂದಲೇ ಎರಡು ಹವಾಮಾನ ವಲಯಗಳು ಕಾಣುವವು. ಪಾಠ ಹೇಳುವವರಿಗೂ ಕೇಳುವವರಿಗೂ ಅದರಿಂದ ಗಮನ ಕೆಡುವುದು ಸಹಜವಾದ್ದರಿಂದ ಕಿಟಕಿಗಳಿಗೆ ದಪ್ಪ ಪರದೆ ಹಾಕಲು ಟೆಂಡರ್ ಕರೆಯಲಾಗುವುದು. ಕ್ಷೇತ್ರಕಾರ್ಯಕ್ಕೆ ವಿದ್ಯಾರ್ಥಿಗಳನ್ನು ಊಟಿಗೆ ಕರೆದೊಯ್ಯಲಾಗುವುದು.