ಚೂಪು–ಮೊಂಡು ಮೀಮಾಂಸೆ

ಸಿಡಿಲುಕಂಬಿಯ ತುದಿಯನ್ನು ಕುರಿತು ಎರಡು ಪಂಥಗಳುಂಟು. ಚೂಪುವಾದಿಗಳು, ಮೊಂಡುವಾದಿಗಳು. (ಹಟದ ವಿಷಯದಲ್ಲಿ ಇಬ್ಬರೂ ಎರಡನೆಯ ಪಂಥಕ್ಕೇ ಸೇರಿದವರು.)

ಸೂತ್ರ: ಬಾಗು ಬಿರುಸಾದಲ್ಲಿ ಕ್ಷೇತ್ರ ಬಿರುಸು.

ಭಾಷ್ಯ: 10 ಸೆಂ.ಮೀ. ಮತ್ತು 1 ಸೆಂ.ಮೀ. ತ್ರಿಜ್ಯದ ಎರಡು ಲೋಹದ ಗುಂಡುಗಳನ್ನು ದೂರದೂರ ಇಟ್ಟು, ತಂತಿಯಿಂದ ಜೋಡಿಸಿ, ವಿದ್ಯುದಾವೇಶ ತುಂಬಬೇಕು. ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಆವೇಶ ದೊಡ್ಡದಕ್ಕೆ ಹೋಗುತ್ತದೆ; ಮೈಮೇಲಿನ ವಿದ್ಯುತ್ ಕ್ಷೇತ್ರ ಮಾತ್ರ ಚಿಕ್ಕದರಲ್ಲೇ ಹತ್ತುಪಟ್ಟು. ಆಸ್ತಿ ಅಣ್ಣನದು, ಆರ್ಭಟ ತಮ್ಮನದು. ಆರ್ಭಟ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮುಟ್ಟಿದರೆ ಸುತ್ತಲಿನ ಗಾಳಿಯೇ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಸೂಜಿಮೊನೆಯೆಂದರೆ ತೀರ ಪುಟ್ಟ ತಮ್ಮ.

ಇನ್ನು ಪೂರ್ವಪಕ್ಷ. 1772ರಲ್ಲಿ, ಥೇಮ್ಸ್ ದಂಡೆಯ ಪರ್ಫ್ಲೀಟ್‌ನಲ್ಲಿದ್ದ ಮದ್ದಿನ ಮನೆಗಳನ್ನು ಸಿಡಿಲಿನಿಂದ ಕಾಯುವುದು ಹೇಗೆಂದು ರಾಯಲ್ ಸೊಸೈಟಿಯ ಸಮಿತಿ ಕೂತಿತು. ಬೆಂಜಮಿನ್ ಫ್ರಾಂಕ್ಲಿನ್, ಹೆನ್ರಿ ಕ್ಯಾವೆಂಡಿಷ್ ಮೊದಲಾದವರು ಚೂಪಿಗೆ ಮತ ಹಾಕಿದರು: ಮೊನೆಯು ಮೋಡದ ಆವೇಶವನ್ನು ಸದ್ದಿಲ್ಲದೆ ಸೋರಿಸಿಬಿಡುತ್ತದಂತೆ. ಚಿತ್ರಕಾರರೂ ಆಗಿದ್ದ ಬೆಂಜಮಿನ್ ವಿಲ್ಸನ್ ಒಬ್ಬರೇ ಭಿನ್ನಮತ ಬರೆದರು: ಚೂಪು ಕಂಬಿ ತನ್ನ ಪಾಡಿಗೆ ಹೋಗುವ ಸಿಡಿಲನ್ನು ಕೈಬೀಸಿ ಕರೆಯುತ್ತದೆ, ಗುಂಡುತುದಿಯಾದರೆ ಸುಮ್ಮನಿರುತ್ತದೆ.

1777ರ ಮೇ ತಿಂಗಳಲ್ಲಿ, ಸಮಿತಿಯ ಮಾತಿನಂತೆ ಚೂಪು ಕಂಬಿ ನೆಟ್ಟಿದ್ದ ಪರ್ಫ್ಲೀಟ್‌ಗೆ ಸಿಡಿಲು ಬಡಿಯಿತು. ಕದಲಿದ್ದು ಕೆಲವು ಇಟ್ಟಿಗೆಗಳು; ಕುಸಿದದ್ದು ಫ್ರಾಂಕ್ಲಿನ್ನರ ಮಾನ. ವಿಲ್ಸನ್ ಲಂಡನ್ನಿನ ಪ್ಯಾಂಥಿಯನ್ ಸಭಾಂಗಣದಲ್ಲಿ ಕೃತಕ ಮೋಡವೊಂದನ್ನು ತೂಗುಹಾಕಿ, ದೊರೆ ಮೂರನೆಯ ಜಾರ್ಜ್ ಎದುರಿಗೇ ಪ್ರಯೋಗ ನಡೆಸಿದರು. ಅಷ್ಟರಲ್ಲಿ ಅಮೆರಿಕ ದಂಗೆಯೆದ್ದಿತ್ತು, ಫ್ರಾಂಕ್ಲಿನ್ ದಂಗೆಕೋರರ ಕಡೆಯಿದ್ದರು. ಆದಕಾರಣ ಚೂಪು ರಾಜದ್ರೋಹ. (ಈ ಬಗೆಯ ಅನುಮಾನ ಪ್ರಮಾಣ ನ್ಯಾಯಶಾಸ್ತ್ರದಲ್ಲಿಲ್ಲ, ಅರಮನೆಗಳಲ್ಲಿದೆ.) ದೊರೆ ತನ್ನ ಅರಮನೆಯ ಚೂಪು ಕಂಬಿಗಳನ್ನು ತೆಗೆಸಿ ಮೊಂಡು ಕಂಬಿ ಹಾಕಿಸಿದ. ಸೊಸೈಟಿಯ ಅಧ್ಯಕ್ಷ ಜಾನ್ ಪ್ರಿಂಗಲ್, ನಿಸರ್ಗದ ನಿಯಮವನ್ನು ರಾಜಾಜ್ಞೆಯಿಂದ ತಿದ್ದಲಾಗದೆಂದು ವಿನಯದಿಂದ ಅರಿಕೆ ಮಾಡಿಕೊಂಡರೆಂದು ಪ್ರತೀತಿ. 1778ರಲ್ಲಿ ಪದವಿ ಬಿಟ್ಟದ್ದಂತೂ ನಿಜ.

ಉತ್ತರಪಕ್ಷ ಬರಲು ಇನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಚಾರ್ಲ್ಸ್ ಮೂರ್ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೋದ ಬೆಟ್ಟದ ಮೇಲೆ ಎರಡೂ ಬಗೆಯ ಕಂಬಿ ನೆಟ್ಟು ಏಳು ವರ್ಷ ಕಾದರು. 2000ದಲ್ಲಿ ಪ್ರಕಟವಾದ ಫಲ: ಚೂಪಿಗೆ ಒಂದೂ ಸಿಡಿಲು ಬಡಿಯಲಿಲ್ಲ, 12.7ರಿಂದ 25.4 ಮಿ.ಮೀ. ವ್ಯಾಸದ ಮೊಂಡು ಕಂಬಿಗಳಲ್ಲಿ 12ಕ್ಕೆ ಬಡಿಯಿತು. ಮೊನೆಯ ಕ್ಷೇತ್ರ ಉಗ್ರವೇನೋ ಹೌದು, ಆದರೆ ತುಸು ದೂರ ಸರಿಯುವಷ್ಟರಲ್ಲಿ ಇಳಿದುಹೋಗುತ್ತದೆ. ಸಾಲದ್ದಕ್ಕೆ ಮೊನೆಯಿಂದ ಸೋರಿದ ಆವೇಶವೇ ಅದರ ಸುತ್ತ ಮುಸುಕು ಹಾಕುತ್ತದೆ. ಮೊಂಡುತುದಿಯ ಕ್ಷೇತ್ರ ಮೆಲ್ಲಗೆ ಇಳಿಯುವುದರಿಂದ ಮೇಲಿನಿಂದ ಬರುವ ಸಿಡಿಲಿಗೆ ಅದೇ ಮೊದಲು ಕೈಚಾಚುತ್ತದೆ.

ಸಿಡಿಲನ್ನು ತಾನು ಹೊತ್ತು ಮನೆಯನ್ನು ಉಳಿಸುವುದೇ ಕಂಬಿಯ ಕೆಲಸವಾದ್ದರಿಂದ ಗೆಲುವು ದೊರೆಯ ಗುಂಡಿಗೇ ಸಲ್ಲಬೇಕು. ವಿಲ್ಸನ್ ಅದನ್ನು ಶಿಫಾರಸು ಮಾಡಿದ್ದು ಮಾತ್ರ ಅದು ಸಿಡಿಲನ್ನು ಕರೆಯುವುದಿಲ್ಲವೆಂದು.