ಚಿಗವ್ವನ ಗಂಟು

ನಮ್ಮ ಧಾರೂರಿನ ಮಂದಿಗೆ ಪರದೇಶ ಶುರುವಾಗುವುದು ವಿಕಾರಾಬಾದ್ ಜಂಕ್ಷನ್ನಿನಿಂದ. ತಾಂಡೂರಿನ ಕಡೆ ಹೋಗುವ ಗಾಡಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುವವರೇ, ಹೈದರಾಬಾದಿನ ಕಡೆ ಹೊರಟರೆ ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಎರಡೂ ಕೈಯಿಂದ ಅಪ್ಪಿ ಕೂರುತ್ತಾರೆ. ಇದನ್ನು ನೋಡಿ ನಗುವವರಿಗೆ ಈ ಸೀಮೆಯ ಚರಿತ್ರೆ ಗೊತ್ತಿಲ್ಲ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್, ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಎಲ್ಲ ಆಂಧ್ರಪ್ರದೇಶದ ಪಾಲಾದವು. 2014ರ ಜೂನ್ 2ಕ್ಕೆ ತೆಲಂಗಾಣ ಬಂತು. ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ ನಮ್ಮ ಹಿರಿಯರು ಹೊಸ್ತಿಲು ದಾಟದೆ ಮೂರು ಸರಕಾರದ ಸೀಮೆ ಕಂಡರು. ರಾತ್ರಿ ಮಲಗಿ ಬೆಳಗ್ಗೆ ಏಳುವುದರೊಳಗೆ ತಾಲೂಕಿಗೆ ತಾಲೂಕೇ ಮಾಯವಾಗುವುದಾದರೆ ಒಂದು ಚೀಲದ ಗತಿ ಏನು, ನೀವೇ ಹೇಳಿ.

ಈ ಸೀಮೆಯ ಜೋಪಾನ ಶಾಸ್ತ್ರದಲ್ಲಿ ನಮ್ಮ ಚಿಗವ್ವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಆಕೆಯ ತಿಜೋರಿ ಆಕೆಯ ಮೈಮೇಲೇ ಇರುತ್ತದೆ. ಚಿಲ್ಲರೆ ಸೆರಗಿನ ಗಂಟಿನಲ್ಲಿ, ಹತ್ತಿಪ್ಪತ್ತರ ನೋಟು ಎಲೆ-ಅಡಿಕೆ ಸಂಚಿಯಲ್ಲಿ, ನೂರರ ಮೇಲಿನವು ಕುಬಸದೊಳಗೆ, ಟ್ರಂಕಿನ ಕೀಲಿಕೈ ಕೊರಳ ದಾರಕ್ಕೆ. ಬಂಗಾರ ಎಲ್ಲಿರುತ್ತದೆ ಎಂಬುದು ಕಾಕಾನಿಗೆ ಕೊನೆತನಕ ಗೊತ್ತಾಗಲಿಲ್ಲ. ಈ ವಿದ್ಯೆಯನ್ನು ಆಕೆ ಕಲಿತದ್ದು ಧಾರೂರಿನ ಜಾತ್ರೆಯಲ್ಲಿ. ನವೆಂಬರಿನಲ್ಲಿ ನಡೆಯುವ ಮೆಥೋಡಿಸ್ಟರ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರದಿಂದಲೂ ಮಂದಿ ಬಂದು, ಬಯಲಲ್ಲೇ ಗುಡಾರ ಹೂಡಿ, ಹಾಡಿ, ಪ್ರಾರ್ಥನೆ ಮಾಡಿ ಹೋಗುತ್ತಾರೆ. ಚಿಗವ್ವ ಅಲ್ಲಿ ಬಳೆ ಅಂಗಡಿ ಇಡುತ್ತಿದ್ದಳು. ನಾಲ್ಕು ಜನ ಒಟ್ಟಿಗೆ ಕೈ ಚಾಚಿ "ನನಗ ಮೊದಲು, ನನಗ ಮೊದಲು" ಅನ್ನುವ ಗದ್ದಲದಲ್ಲಿ ಬಳೆಯನ್ನೂ ದುಡ್ಡನ್ನೂ ಕಾಯುವುದು ಹುಡುಗಾಟವಲ್ಲ. ಆಕೆಯ ಸೂತ್ರ ಒಂದೇ: "ಒಬ್ಬಾಕಿ ಒಂದು ಕೈ ಚಾಚಿದ್ಳಂದ್ರ, ಆಕಿ ಇನ್ನೊಂದು ಕೈ ಎಲ್ಲದ ನೋಡ್ಬೇಕು."

ಇಂಥ ಚಿಗವ್ವನನ್ನು ಫ್ರಾಂಕ್‌ಫರ್ಟಿನಲ್ಲಿರುವ ಮಗ 2025ರ ಬೇಸಿಗೆಯಲ್ಲಿ ಕರೆಸಿಕೊಂಡ. ಇಂಗ್ಲಿಷಿನ ಮನುಷ್ಯ ಬೇಕೆಂದು ಜೊತೆಗೆ ನನ್ನನ್ನೂ ಹೊರಡಿಸಿದರು. ಮೇಷ್ಟ್ರಿಗೆ ಬೇಸಿಗೆಯಲ್ಲಿ ಬೇರೆ ಕೆಲಸ ಇರುವುದಿಲ್ಲ ಎಂಬುದು ನಮ್ಮ ಮನೆಯವರ ಗಟ್ಟಿ ನಂಬಿಕೆ.

ಮೊದಲ ಕಳವು ನಡೆದದ್ದು ಮನೆಯಲ್ಲೇ, ಅದೂ ವೀಡಿಯೊ ಕಾಲ್ ಮೇಲೆ. ಮಗ ಅಲ್ಲಿಂದಲೇ ಬೆರಳು ತೋರಿಸಿ ಒಂದೊಂದೇ ತೆಗೆಸಿದ. ತುಪ್ಪದ ಡಬ್ಬಿ ಹೋಯಿತು, ಪೇಡೆ ಹೋಯಿತು. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಆಮೇಲೆ ಕರ್ಚಿಕಾಯಿ ಸರದಿ. ನಮ್ಮ ವಿಮಾನ ದುಬೈ ಮೇಲಿಂದ. ಕರ್ಚಿಕಾಯಿಯ ಹೂರಣದಲ್ಲಿ ಗಸಗಸೆ. ಎಮಿರೇಟ್ಸಿನ ಕಾನೂನಿಗೆ ಗಸಗಸೆಯೆಂದರೆ ಮಾದಕ ವಸ್ತು, ಸಿಕ್ಕರೆ ಜೈಲಿನ ಮಾತು. ಚಿಗವ್ವನಿಗೆ ಇದು ನಗೆಯೋ ಅವಮಾನವೋ ತಿಳಿಯಲಿಲ್ಲ. "ಕರ್ಚಿಕಾಯಿ ತಿಂದು ಯಾರಿಗೆ ನಿಶಾ ಏರ್ಯದ? ನಿಮ್ಮಪ್ಪ ಜಲ್ಮ ಪೂರ್ತಿ ತಿಂದಾನ, ಒಂದಿನ ಹಾಡು ಹೇಳಿಲ್ಲ." ಕೊನೆಗೆ ಉಳಿದದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು 2022ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ತಾಂಡೂರಿನ ತೊಗರಿಬೇಳೆ.

ಸೂಟ್‌ಕೇಸಿಗೆ ನಾನೊಂದು ಟಿಎಸ್‌ಎ ಕೀಲಿ ತಂದಿದ್ದೆ. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯವರ ಬಳಿ ಇದರ ಮಾಸ್ಟರ್ ಕೀಲಿಕೈ ಇರುತ್ತದೆ, ಅವರು ಕೀಲಿ ಒಡೆಯದೆ ತೆರೆದು ನೋಡಬಹುದು ಎಂದು ವಿವರಿಸಿದೆ. ಚಿಗವ್ವ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ಕೀಲಿಕೈ ಮಂದಿ ಹತ್ರ ಅದಂದ್ರ ಕೀಲಿ ಯಾಕ ಹಾಕ್ಬೇಕು?" ಉತ್ತರ ನನ್ನ ಬಳಿ ಇರಲಿಲ್ಲ, ಯಾರ ಬಳಿಯೂ ಇಲ್ಲ. ಆ ಕೀಲಿಕೈಗಳ ಫೋಟೊ 2014ರಲ್ಲಿ ಪತ್ರಿಕೆಯಲ್ಲೇ ಅಚ್ಚಾಗಿ, ಮರುವರ್ಷ ಅವನ್ನು 3ಡಿ ಪ್ರಿಂಟರಿನಲ್ಲಿ ತಯಾರಿಸುವ ನಕ್ಷೆಯೂ ಇಂಟರ್ನೆಟ್ಟಿಗೆ ಬಂತು. ಚಿಗವ್ವ ಹಳದಿ ನೈಲಾನ್ ಹಗ್ಗ ತರಿಸಿ, ಸೂಟ್‌ಕೇಸಿಗೆ ಉದ್ದಕ್ಕೂ ಅಡ್ಡಕ್ಕೂ ಬಿಗಿದು, ಎರಡೂ ಮಗ್ಗುಲಿಗೆ ಬಿಳಿ ಪೇಂಟಿನಲ್ಲಿ ಧಾರೂರು ಎಂದು ಬರೆಸಿದಳು. ಫ್ರಾಂಕ್‌ಫರ್ಟಿನ ಬೆಲ್ಟಿನ ಮೇಲೆ ಸಾಲುಸಾಲಾಗಿ ಕರಿ ಪೆಟ್ಟಿಗೆಗಳು ಬರುವಾಗ ಜನ ಬಗ್ಗಿ ಬಗ್ಗಿ ಚೀಟಿ ಓದುತ್ತಿದ್ದರು. ನಮ್ಮದು ಅರ್ಧ ಫರ್ಲಾಂಗಿನಿಂದಲೇ ಕಾಣಿಸಿತು. ಅದನ್ನು ಕದಿಯಲು ಮನಸ್ಸು ಮಾಡುವ ಕಳ್ಳ ಇನ್ನೂ ಹುಟ್ಟಿಲ್ಲ.

ಅದಕ್ಕೂ ಮುಂಚೆ, ಹೊರಡುವಾಗ, ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸಂಗತಿ. ಚೆಕ್-ಇನ್ ಸಾಲಿನಲ್ಲಿ ನಮ್ಮ ಮುಂದೆ ನಾರಾಯಣಖೇಡದ ಹುಡುಗನೊಬ್ಬ, ರಜೆ ಮುಗಿಸಿ ಗಲ್ಫಿಗೆ ಮರಳುವವನು. ಕನ್ನಡ ಕಿವಿಗೆ ಬಿದ್ದದ್ದೇ ಚಿಗವ್ವ ಮಾತಿಗಿಳಿದಳು.

"ತಮ್ಮಾ, ಅಲ್ಲಿ ಪಾಸ್‌ಪೋರ್ಟ್ ಎಲ್ಲಿಡ್ತಿ?"

"ಕಂಪನಿಯವರ ಹತ್ರ ಇರ್ತದ ಆಯಿ. ರಜಾ ಬಂದಾಗ ಕೊಡ್ತಾರ."

"ಮತ್ತ ಬಂಗಾರ ಒತ್ತಿ ಇಟ್ಟಂಗ ನಿನ್ನೇ ಒತ್ತಿ ಇಟ್ಕೊಂಡಾರಲ್ಲೋ!"

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಭಾರತ ಸರಕಾರದ ಸ್ವತ್ತು. ಮಾಲೀಕ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲು ಎಮಿರೇಟ್ಸಿನ ಕಾನೂನೂ ಒಪ್ಪುವುದಿಲ್ಲ. ಆದರೂ ಹಾಕುತ್ತಾರೆ. ಪಾಸ್‌ಪೋರ್ಟ್ ಕಳೆದರೆ ಪೊಲೀಸರ ಕಾಗದ ಹಿಡಿದು ನಮ್ಮ ರಾಯಭಾರ ಕಚೇರಿಗೆ ಹೋಗಬೇಕು, ಅವಸರವಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ, ಅದು ಊರಿಗೆ ಮರಳಲು ಮಾತ್ರ ಎಂದೆಲ್ಲ ಅವನಿಗೆ ಹೇಳಿದೆ. ಪಾಸ್‌ಪೋರ್ಟಿನ ಫೋಟೊ ತೆಗೆದು ಮನೆಗೆ ಕಳಿಸಿಡಲು ಹೇಳಿದ್ದನ್ನು ಮಾತ್ರ ಅವನು ಅಲ್ಲೇ, ಸಾಲಿನಲ್ಲೇ ನಿಂತು ಮಾಡಿದ.

ಚಿಗವ್ವನ ಪಾಸ್‌ಪೋರ್ಟಿನ ತೊಂದರೆ ತದ್ವಿರುದ್ಧ. ಅದನ್ನು ಕದಿಯುವುದಿರಲಿ, ಆಕೆಗೇ ಬೇಗ ತೆಗೆಯಲು ಬರುತ್ತಿರಲಿಲ್ಲ. ಖಣದ ಬಟ್ಟೆಯ ಚೀಲ, ಚೀಲಕ್ಕೆ ಲಾಡಿ, ಲಾಡಿಗೆ ಗಂಟಿನ ಮೇಲೆ ಗಂಟು, ಅದು ಕುಬಸದೊಳಗೆ, ಮೇಲೆ ಸೆರಗು. ಪ್ರತಿ ಕೌಂಟರಿನಲ್ಲೂ ಆಕೆ ಗೋಡೆಯ ಕಡೆ ಮುಖ ಮಾಡಿ ಉತ್ಖನನ ಶುರು ಮಾಡುವಳು. ಹಿಂದಿನ ಸಾಲು ಬೆಳೆಯುವುದು. ಸೆಕ್ಯುರಿಟಿಯಲ್ಲಂತೂ ಮಷೀನು ಕೀಂಯ್ ಎಂದಿತು. ಪರದೆಯ ಹಿಂದೆ ಕರೆದೊಯ್ದ ಮಹಿಳಾ ಕಾನ್‌ಸ್ಟೇಬಲ್ ತುಂಬಾ ಹೊತ್ತಿನ ಮೇಲೆ ನಗುತ್ತ ಹೊರಗೆ ಬಂದಳು. ಕಾಕಾನಿಗೆ ಗೊತ್ತಾಗದ್ದು ಮಷೀನಿಗೆ ಗೊತ್ತಾಗಿಬಿಟ್ಟಿತ್ತು. ಬಂಗಾರ ಹೊರಗೆ ಒಯ್ಯುವವರು ಹೊರಡುವ ಮುಂಚೆಯೇ ಕಸ್ಟಮ್ಸಿನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಂಡರೆ ಮರಳಿ ಬರುವಾಗ ತಕರಾರಿಲ್ಲ ಎಂದು ಮೊದಲೇ ಹೇಳಿದ್ದೆ. "ಅವನ್ಯಾಕ ನೋಡ್ಬೇಕು?" ಎಂದು ಆ ದಾರಿ ಮುಚ್ಚಿದ್ದಳು.

ಫ್ರಾಂಕ್‌ಫರ್ಟಿನ ಗಾಜಿನ ಗೂಡಿನಲ್ಲಿ ಕೂತಿದ್ದ ಅಧಿಕಾರಿ ಪಾಸ್‌ಪೋರ್ಟ್ ಕೇಳಿದ. ಅಲ್ಲಿ ತಿರುಗಲು ಗೋಡೆಯಿಲ್ಲ. ಚಿಗವ್ವ ಬೆರಳನ್ನು ಗಾಳಿಯಲ್ಲಿ ಸುತ್ತಿಸಿ, "ಆಕಡಿ ತಿರುಗ್ರಿ" ಎಂದಳು. ನಾನು ಇಂಗ್ಲಿಷು ಹುಡುಕುವುದರೊಳಗೆ ಆತನಿಗೆ ಕನ್ನಡ ಅರ್ಥವಾಗಿತ್ತು. ಜರ್ಮನಿಯ ಗಡಿ ಕಾಯುವ ಮನುಷ್ಯ ಧಾರೂರಿನ ಮುದುಕಿಯ ಅಪ್ಪಣೆಯಂತೆ ಛಾವಣಿ ನೋಡುತ್ತ ಕೂತ.

ಪ್ಯಾರಿಸ್ ನೋಡಲು ಹೋದಾಗ ನಾನು ಹೆದರಿದ್ದು ನಿಜ. ಕಿಸೆಗಳ್ಳರ ಕಾಟ ತಾಳಲಾರದೆ 2013ರ ಏಪ್ರಿಲಿನಲ್ಲಿ ಲೂವ್ರ್ ಮ್ಯೂಸಿಯಮ್ಮಿನ ಸಿಬ್ಬಂದಿಯೇ ಕೆಲಸ ನಿಲ್ಲಿಸಿ ಒಂದು ದಿನ ಬಾಗಿಲು ಮುಚ್ಚಿದ್ದರು; ಅಂಥ ಊರು. ನಮ್ಮ ಪತ್ರಿಕೆಗಳು ದಿನಾ ಬರೆಯುವ "ಗಮನ ಬೇರೆಡೆ ಸೆಳೆದು" ಎಂಬುದರ ವಿಶ್ವವಿದ್ಯಾಲಯ ಅದು. ಸೇನ್ ನದಿಯ ದಂಡೆಯಲ್ಲಿ ಒಬ್ಬ ಬಗ್ಗಿ ನೆಲದಿಂದ ಉಂಗುರ ಎತ್ತಿ, ಇದು ನಿಮ್ಮದಾ ಎಂದು ಕಣ್ಣರಳಿಸಿದ. ಹೌದೆಂದರೂ ಇಲ್ಲವೆಂದರೂ ಕೊನೆಗೆ ದುಡ್ಡು ಕೀಳುವ ಹಳೇ ಆಟ. ಚಿಗವ್ವ ಉಂಗುರ ಈಸಿಕೊಂಡು, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, "ಹಿತ್ತಾಳಿ. ಪಾಲಿಶ್ ಸುಮಾರದ" ಎಂದು ವಾಪಸು ಕೊಟ್ಟಳು. ಅವನು ಬೇರೆ ಗಿರಾಕಿ ಹುಡುಕಿಕೊಂಡು ಹೋದ.

ಸ್ವಲ್ಪ ಮುಂದೆ ಇಬ್ಬರು ಹುಡುಗಿಯರು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದರು. ಕಿವುಡ ಮೂಗರಿಗಾಗಿ ಒಂದು ಸಹಿ. ರಟ್ಟು ನನ್ನ ಎದೆಗೆ ತಾಗುವಷ್ಟು ಹತ್ತಿರ. ಮೇಲೆ ಸಹಿ ನಡೆಯುವಾಗ ರಟ್ಟಿನ ಕೆಳಗೆ ಬೇರೆ ವ್ಯವಹಾರ ನಡೆಯುತ್ತದೆಂದು ಓದಿದ್ದೆ. ಓದಿದ್ದು ಆ ಹೊತ್ತಿಗೆ ನೆನಪಾಗುವುದಿಲ್ಲ. ಚಿಗವ್ವ ಮಾತ್ರ ಕಾಗದದ ಕಡೆ ಕಣ್ಣೇ ಹಾಯಿಸಿರಲಿಲ್ಲ. ನನ್ನ ಚೀಲದ ಜಿಪ್ಪಿನ ಹತ್ತಿರ ಬಂದಿದ್ದ ಇನ್ನೊಂದು ಕೈಯ ಮಣಿಕಟ್ಟನ್ನು ಆಕೆ ಮೆತ್ತಗೆ ಹಿಡಿದುಕೊಂಡಿದ್ದಳು. ಹಿಡಿದು, ಬೆರಳು ಕೂಡಿಸಿ, ಒತ್ತಿ ನೋಡಿ, "ಎರಡು-ನಾಲ್ಕು" ಎಂದಳು. ಬಳೆಯ ಅಳತೆ! ಬೈದಿದ್ದರೆ ಬಹುಶಃ ಆ ಹುಡುಗಿ ನಿಲ್ಲುತ್ತಿದ್ದಳು. ಇದೇನೋ ಮಂತ್ರವಿರಬೇಕೆಂದು ಇಬ್ಬರೂ ಓಟ ಕಿತ್ತರು.

ಊರಿಗೆ ಬಂದಮೇಲೆ, ಅದೇ ವರ್ಷದ ಅಕ್ಟೋಬರ್ 19ರಂದು, ಲೂವ್ರ್‌ಗೆ ಹಾಡಹಗಲೇ ಕನ್ನ ಬಿತ್ತು. ಕಳ್ಳರು ಮನೆಸಾಮಾನು ಎತ್ತುವ ಏಣಿಯ ಲಾರಿ ತಂದು, ಮಾಳಿಗೆಯ ಕಿಟಕಿಯಿಂದ ನುಗ್ಗಿ, ರಾಜಮನೆತನದ ಎಂಟು ಒಡವೆ ಎತ್ತಿಕೊಂಡು ಏಳೆಂಟು ನಿಮಿಷದಲ್ಲಿ ಮಾಯ. ಬೆಲೆ 8.8 ಕೋಟಿ ಯೂರೋ. ಓಡುವ ಅವಸರದಲ್ಲಿ ಮಹಾರಾಣಿ ಯೂಜೆನಿಯ ಕಿರೀಟವನ್ನು ಹಾದಿಯಲ್ಲೇ ಬೀಳಿಸಿ ಹೋಗಿದ್ದರು. ನಾವು ನೋಡಿ ಬಂದ ಜಾಗವಲ್ಲವೇ ಎಂದು ಚಿಗವ್ವನಿಗೆ ಸುದ್ದಿ ಓದಿ ಹೇಳಿದೆ. ಆಕೆ ಅಡಿಕೆ ಕತ್ತರಿಸುತ್ತಿದ್ದಳು. ಮ್ಯೂಸಿಯಮ್ಮಿನವರ ವಿಷಯದಲ್ಲಿ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಡವೆ ಇಟ್ಟು ಊರಿಗೆಲ್ಲ ತೋರಿಸುವವರು ಅವರು. ಕಿರೀಟದ ಮಾತು ಬಂದಾಗ ಮಾತ್ರ ಅಡಕೊತ್ತು ನಿಲ್ಲಿಸಿದಳು.

"ಬೀಳಿಸಿದ್ರಾ? ಆ ಊರಾಗ ಕಳ್ಳರಿಗೂ ಗಂಟು ಕಟ್ಲಾಕ ಬರಲ್ಲ ನೋಡು."