ಎರಡು ಪರ್ಸೆಂಟಿಗೆ ಸಿಗದ ಮೇಸ್ತ್ರಿ

ಬೆಂಗಳೂರಿನ ದೊಡ್ಡ ಬಿಲ್ಡರುಗಳ ಬಗ್ಗೆ ಜನ ಇಲ್ಲದ್ದು ಸಲ್ಲದ್ದು ಆಡಿಕೊಳ್ಳುತ್ತಾರೆ. ಅವರು ಕಟ್ಟಡ ಕಟ್ಟುತ್ತಾರೆ ಎನ್ನುವುದು ಅದರಲ್ಲಿ ಮೊದಲನೆಯ ಸುಳ್ಳು. ಗುದ್ದಲಿ ಪೂಜೆಯ ದಿನ ಬೆಳ್ಳಿ ಕರಣೆಯಲ್ಲಿ ಒಂದಿಷ್ಟು ಗಾರೆ ಹಾಕಿ ಕೈ ತೊಳೆದರೆ ಬಿಲ್ಡರ್ ಸಾಹೇಬರ ಕೈಕೆಲಸ ಮುಗಿಯಿತು. ಅಲ್ಲಿಂದ ಕೆಲಸ ಮುಖ್ಯ ಗುತ್ತಿಗೆದಾರನಿಗೆ ಹೋಗುತ್ತದೆ, ಅವನಿಂದ ಸಬ್ ಕಾಂಟ್ರಾಕ್ಟರಿಗೆ, ಅವನಿಂದ ಸೆಂಟ್ರಿಂಗಿನವನಿಗೆ, ಕಂಬಿ ಕಟ್ಟುವವನಿಗೆ, ಪ್ಲಾಸ್ಟರಿಂಗಿನವನಿಗೆ ತುಂಡುತುಂಡಾಗಿ ಹಂಚಿಹೋಗಿ ಕೊನೆಗೆ ಮೇಸ್ತ್ರಿಯ ಕೈಗೆ ಬರುತ್ತದೆ. ಹಣ ಕೆಳಗಿಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಕೂತು ಸುಧಾರಿಸಿಕೊಳ್ಳುತ್ತದೆ. ಜವಾಬ್ದಾರಿಗೆ ಮಾತ್ರ ಎಲ್ಲೂ ನಿಲುಗಡೆಯಿಲ್ಲ. ಸೀದಾ ಇಳಿದು ಬಾಂಡ್ಲಿ ಹೊತ್ತವಳ ತಲೆಯ ಮೇಲೆ ಕೂರುತ್ತದೆ.

ಹಾಗೆಂದು ಕಂಪನಿಗಳಿಗೆ ನೀತಿ ಇಲ್ಲ ಎನ್ನಬೇಡಿ. ನೀತಿ ಇದೆ, ನುಣುಪಾದ ಕಾಗದದಲ್ಲಿ ಅಚ್ಚಾಗಿದೆ. ಪೂರೈಕೆದಾರರ ನೀತಿ ಸಂಹಿತೆ ಎಂದು ಹೆಸರು. ಮುಖಪುಟದಲ್ಲಿ ಹಳದಿ ಹೆಲ್ಮೆಟ್ ಹಾಕಿ ನಗುವ ಹೆಣ್ಣುಮಗಳು. ಹಲ್ಲು ನೋಡಿದರೇ ಗೊತ್ತಾಗುತ್ತದೆ, ಒಂದು ದಿನವೂ ಸೈಟಿನ ಬೋರ್‌ವೆಲ್ ನೀರು ಕುಡಿದವಳಲ್ಲ. ಒಳಗೆ ಮಾನವ ಹಕ್ಕು, ಬಾಲಕಾರ್ಮಿಕ ನಿಷೇಧ, ಲಂಚಮುಕ್ತ ವ್ಯವಹಾರ, ಶೂನ್ಯ ಅಪಘಾತ, ಎಲ್ಲವೂ ಇಂಗ್ಲಿಷಿನಲ್ಲಿ. ಯಾದಗಿರಿ ಕಡೆಯ ಮೇಸ್ತ್ರಿ ಕೊನೆಯ ಪುಟದಲ್ಲಿ ಸಹಿ ಹಾಕಿರುತ್ತಾನೆ. ಸಹಿ ಹಾಕದಿದ್ದರೆ ಹಳೇ ಬಿಲ್ ಪಾಸಾಗುವುದಿಲ್ಲ ಎಂಬ ಮುಖ್ಯ ಕಲಮು ಪುಸ್ತಕದಲ್ಲಿಲ್ಲ, ಅದನ್ನು ಸೈಟ್ ಎಂಜಿನಿಯರು ಬಾಯಲ್ಲೇ ಹೇಳಿರುತ್ತಾರೆ. ದೀಪಾವಳಿಗೆ ಗುತ್ತಿಗೆದಾರರಿಂದ ದ್ರಾಕ್ಷಿ ಗೋಡಂಬಿಯ ಡಬ್ಬಿಯನ್ನೂ ಮುಟ್ಟುವುದಿಲ್ಲ ಎನ್ನುವ ಕಂಪನಿ, ಅದೇ ಮೇಸ್ತ್ರಿಯ ಬಿಲ್ಲಿನಲ್ಲಿ ರಿಟೆನ್ಷನ್ ಎಂದು ಹಿಡಿದಿಟ್ಟ ದುಡ್ಡನ್ನು ಅವನು ಕೇಳಿ ಕೇಳಿ ಸುಸ್ತಾಗಿ ಬಿಡುವ ತನಕ ಕಾಯುತ್ತದೆ. ಅದು ಉಡುಗೊರೆಯಲ್ಲವಲ್ಲ.

ಷೇರುಪೇಟೆಯ ದೊಡ್ಡ ಸಾವಿರ ಕಂಪನಿಗಳು ತಮ್ಮ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ ಕೊಡಬೇಕೆಂದು 2022-23ರಿಂದ ಸೆಬಿ ಕಡ್ಡಾಯ ಮಾಡಿದೆ. ಆಮೇಲೆ ಸೆಬಿಗೆ ಇನ್ನೊಂದು ಆಸೆಯಾಯಿತು: ಕಂಪನಿಗೆ ಸರಕು, ಸೇವೆ ಕೊಡುವವರ ಕಥೆಯೂ ವರದಿಯಾಗಲಿ. ಆದರೆ ಯಾರ ಕಥೆ? ಕಂಪನಿಯ ಖರೀದಿಯಲ್ಲಿ ಒಬ್ಬೊಬ್ಬರೇ ಶೇ 2 ಅಥವಾ ಅದಕ್ಕಿಂತ ಹೆಚ್ಚು ಪಾಲು ಪಡೆದವರದು. ಸಿಮೆಂಟಿನವರು ದಾಟುತ್ತಾರೆ, ಉಕ್ಕಿನವರು ದಾಟುತ್ತಾರೆ. ಹನ್ನೆರಡು ಆಳಿನ ಮೇಸ್ತ್ರಿ ಏಳು ಜನ್ಮ ಎತ್ತಿದರೂ ದಾಟಲಾರ. ಕಬ್ಬಿಣ ಎಲ್ಲಿಂದ ಬಂತೆಂದು ವರದಿಯಾಗುತ್ತದೆ, ಕಬ್ಬಿಣ ಹೊತ್ತವನು ದಶಮಾಂಶ ಬಿಂದುವಿನ ಬಲಗಡೆ ಎಲ್ಲೋ ಕಳೆದುಹೋಗುತ್ತಾನೆ. ಇಷ್ಟಾದರೂ ಉದ್ಯಮಕ್ಕೆ ಹೊರೆಯಾದೀತೆಂದು ಆ ವರದಿಯನ್ನೂ ಇಷ್ಟವಿದ್ದರೆ ಕೊಡಿ ಎಂದು ಸಡಿಲ ಮಾಡಲಾಯಿತು. ಹೊರೆ ಹೊರುವವರ ಬಗ್ಗೆ ಸೆಬಿಯ ಅಂತಃಕರಣ ದೊಡ್ಡದು.

ಸಂಸತ್ತಿನ ಅಂತಃಕರಣವೇನು ಕಡಿಮೆಯೇ? 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಇಪ್ಪತ್ತು ಜನರಿದ್ದರೆ ಸಾಕು, ಅನ್ವಯವಾಗುತ್ತಿತ್ತು. 2020ರ ಹೊಸ ಸಂಹಿತೆ, ಅದರ ಹೆಸರಿನಲ್ಲೇ ಸುರಕ್ಷತೆ ಇದೆ, ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಇಪ್ಪತ್ತನ್ನು ಐವತ್ತಕ್ಕೇರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೂ ಬಂತು. ಹತ್ತೊಂಬತ್ತು ಜನರ ತಂಡ ಕಟ್ಟಿಕೊಂಡು ಒದ್ದಾಡುತ್ತಿದ್ದ ಸಬ್ ಕಾಂಟ್ರಾಕ್ಟರು ಈಗ ನಲವತ್ತೊಂಬತ್ತು ಜನರನ್ನು ನಿರಾಳವಾಗಿ ಸಾರುವೆ ಹತ್ತಿಸಬಹುದು.

ಸೈಟಿಗೆ ಬನ್ನಿ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ, ಅಂದೇ ಬಂದರೆ ಬಿಸ್ಕತ್ತೂ ಸಿಗುತ್ತದೆ. ಗೇಟಿನಲ್ಲಿ ಫ್ಲಾಟ್ ನೋಡಲು ಬಂದವರಿಗೆ ಬಿಳಿ ಹೆಲ್ಮೆಟ್, ದಪ್ಪ ಅಟ್ಟೆಯ ಬೂಟು. ಒಳಗೆ ಹವಾಯಿ ಚಪ್ಪಲಿಯಲ್ಲಿ ಮೋಲ್ಡ್ ಹಾಕುತ್ತಿರುವವರು ಸಾಲಾಗಿ ನಿಂತು ಪ್ರತಿಜ್ಞೆ ಮಾಡುತ್ತಾರೆ. ಒಂಬತ್ತನೇ ಮಹಡಿಯ ಅಂಚಿನಲ್ಲಿ ನಿಂತ ಹುಡುಗನನ್ನು ಬೆಲ್ಟ್ ಯಾಕೆ ಹಾಕಿಲ್ಲವೆಂದು ಕೇಳಿ ನೋಡಿ.

"ಬೆಲ್ಟ್ ಕೊಟ್ಟಾರ್ರಿ ಸರ್. ಕೊಕ್ಕಿ ಸಿಗಸಾಕ ಮ್ಯಾಲ ಏನೂ ಇಲ್ರಿ. ಸಾಹೇಬ್ರು ಬಂದಾಗ ಕಟಗೊಂಡು ನಿಂದರತೀವಿ, ಫೋಟೋ ತಗಿತಾರ. ಆಮ್ಯಾಲ ಬಿಚ್ಚಿ ಸ್ಟೋರಿಗಿ ಕೊಡಬೇಕ್ರಿ. ಕಳದ್ರ ಬಟವಾಡ್ಯಾಗ ಹಿಡೀತಾರ."

ಗೇಟಿನ ಪಕ್ಕದ ಬೋರ್ಡಿನಲ್ಲಿ ಅಪಘಾತವಿಲ್ಲದ ದಿನಗಳ ಲೆಕ್ಕ ಏರುತ್ತಲೇ ಇರುತ್ತದೆ. ಯಾರೋ ಬಿದ್ದರು ಎನ್ನಿ, ಬೋರ್ಡಿಗೆ ಚ್ಯುತಿಯಿಲ್ಲ, ಏಕೆಂದರೆ ಬಿದ್ದವನು ಕುಡಿದಿದ್ದ. ಸೈಟಿನಲ್ಲಿ ಬಿದ್ದವರೆಲ್ಲ ಕುಡಿದೇ ಬಿದ್ದವರು. ಮುಂದೆ ಅದೇ ಬಾಲ್ಕನಿಯಲ್ಲಿ ನಿಜವಾಗಿಯೂ ಕುಡಿಯುವ ಮಾಲೀಕರು ಯಾರೂ ಬೀಳುವುದಿಲ್ಲ. ಅಷ್ಟು ಹೊತ್ತಿಗೆ ಗ್ರಿಲ್ ಹಾಕಿಸಿರುತ್ತಾರೆ.

ಸತ್ತವನಿಗೆ ಬೆಲೆ ಕಟ್ಟಲು ಕಾನೂನಿನಲ್ಲಿ ಸೂತ್ರವಿದೆ. 2025ರ ನವೆಂಬರ್‌ವರೆಗೂ ಜಾರಿಯಲ್ಲಿದ್ದ, ಬ್ರಿಟಿಷರ ಕಾಲದ 1923ರ ಪರಿಹಾರ ಕಾಯಿದೆಯ ಪ್ರಕಾರ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸಬೇಕಿತ್ತು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರಲ್ಲಿ 15,000 ಆಯಿತು. ಮೂವತ್ತು ವರ್ಷದವನ ಅಂಶ 207.98. ಅಲ್ಲಿಗೆ 15,59,850 ರೂಪಾಯಿ. ಗುತ್ತಿಗೆದಾರನ ಆಳು ಸತ್ತರೂ ಕೆಲಸ ಮಾಡಿಸಿದ ಮೂಲ ಧಣಿಯೇ ಕೊಡಬೇಕು, ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದು ಆ ಕಾಯಿದೆಯ 12ನೇ ಸೆಕ್ಷನ್ ನೂರು ವರ್ಷದ ಹಿಂದೆಯೇ ಹೇಳಿತ್ತು. ಆದರೆ ಶವಾಗಾರದ ಮುಂದೆ ಈ ಗುಣಾಕಾರ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ನಡೆಯುವುದು ವ್ಯವಕಲನ. ಮೇಸ್ತ್ರಿ ಊರಲ್ಲೇ ಕೊಟ್ಟಿದ್ದ ಅಡ್ವಾನ್ಸು ಕಳೆ, ಆಂಬ್ಯುಲೆನ್ಸಿನ ಬಾಡಿಗೆ ಕಳೆ, ಮಣ್ಣಿನ ಖರ್ಚು ಕಳೆ. ಉಳಿದದ್ದರ ಮುಂದೆ ಹೆಂಡತಿಯ ಹೆಬ್ಬೆಟ್ಟು.

ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅದರ ಸವಲತ್ತು ಬೇಕಾದರೆ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ಪುರಾವೆ ಕೊಟ್ಟು ಕಾರ್ಡು ಮಾಡಿಸಬೇಕು. ಪುರಾವೆ ಕೇಳಿದರೆ ಬಿಲ್ಡರು ಕಾಂಟ್ರಾಕ್ಟರನ್ನು ತೋರಿಸುತ್ತಾನೆ, ಕಾಂಟ್ರಾಕ್ಟರು ಮೇಸ್ತ್ರಿಯನ್ನು. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಇರುವುದು "ಉದ್ದನೆಯವ", "ಸಣ್ಣ ಮಲ್ಲ" ಇಂಥ ಹೆಸರುಗಳು. ಇತ್ತ ಗಾರೆಯನ್ನೇ ಮುಟ್ಟದವರು ಸಲೀಸಾಗಿ ಕಾರ್ಡು ಪಡೆದರು. ಸರ್ಕಾರವೇ ಅವನ್ನು ಹುಡುಕಿ ಹುಡುಕಿ ರದ್ದು ಮಾಡಬೇಕಾಯಿತು.

ಅನಾಹುತ ದೊಡ್ಡದಾದರೆ ಮಾತ್ರ ನಾವು ಟಿ.ವಿ. ಹಾಕುತ್ತೇವೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್‌ನಲ್ಲಿ ಕಟ್ಟಡ ಕುಸಿದು ಸತ್ತವರು 19 ಜನ. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್‌ನಲ್ಲಿ, ಅನುಮತಿಗಿಂತ ಹೆಚ್ಚು ಅಂತಸ್ತು ಹೊತ್ತಿದ್ದ ಕಟ್ಟಡದಡಿ, 9 ಜನ. ಒಬ್ಬೊಬ್ಬರಾಗಿ ಬೀಳುವವರು ಸುದ್ದಿಗೆ ಸಾಲುವುದಿಲ್ಲ. ಫ್ಲಾಟ್ ಕೊಳ್ಳುವ ನಾವೂ ರೇರಾ ನಂಬರ್ ಕೇಳುತ್ತೇವೆ, ಕಾವೇರಿ ನೀರು ಕೇಳುತ್ತೇವೆ, ಈಶಾನ್ಯದಲ್ಲಿ ಶೌಚಾಲಯ ಇಲ್ಲವಷ್ಟೇ ಎಂದು ಎರಡು ಸಲ ಕೇಳುತ್ತೇವೆ. ಕಟ್ಟುವಾಗ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳುವುದಿಲ್ಲ. ಅದಕ್ಕೆ ಗೃಹಪ್ರವೇಶದ ಹೋಮದಲ್ಲೇ ಪರಿಹಾರವಿದೆ.

ಈ ಬಿಲ್ಡರುಗಳಿಗೆ ತಮ್ಮ ಕಾರ್ಮಿಕರು ಯಾರೆಂದು ಗೊತ್ತೇ ಇಲ್ಲ ಎಂದೂ ಹೇಳಲಾಗದು. 2020ರ ಮೇ ತಿಂಗಳಲ್ಲಿ ಚೆನ್ನಾಗಿ ಗೊತ್ತಿತ್ತು. ಲಾಕ್‌ಡೌನಿನಲ್ಲಿ ಹಸಿದವರು ಊರಿಗೆ ಹೊರಟು ನಿಂತಿದ್ದಾಗ, ಮೇ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಜೊತೆ ಬಿಲ್ಡರುಗಳ ಸಭೆ ನಡೆಯಿತು. ಅಂದೇ ಸರ್ಕಾರ ನೈರುತ್ಯ ರೈಲ್ವೆಗೆ ಪತ್ರ ಬರೆದು ಶ್ರಮಿಕರ ರೈಲು ನಾಳೆಯಿಂದ ಬೇಡ ಎಂದಿತು. ಕಾಂಟ್ರಾಕ್ಟರು, ಸಬ್ ಕಾಂಟ್ರಾಕ್ಟರು, ಮೇಸ್ತ್ರಿ, ನಡುವಿನ ಎಲ್ಲ ಮೆಟ್ಟಿಲೂ ಒಂದೇ ಮಧ್ಯಾಹ್ನದಲ್ಲಿ ಮಾಯವಾಗಿ ಎಲ್ಲರೂ ನಮ್ಮ ಕಾರ್ಮಿಕರಾಗಿಬಿಟ್ಟರು. ದೇಶವೆಲ್ಲ ಉಗಿದ ಮೇಲೆ ಸರ್ಕಾರ ಇನ್ನೊಂದು ಪತ್ರ ಬರೆದು ರೈಲು ಬಿಡಿಸಿತು. ಪ್ಲಾಟ್‌ಫಾರಂ ತಲುಪುವಷ್ಟರಲ್ಲಿ ಅವರು ಮತ್ತೆ ಮೇಸ್ತ್ರಿಯ ಜನರಾಗಿದ್ದರು. ಬಾಕಿ ಕೂಲಿ ಯಾರು ಕೊಡುತ್ತಾರೆಂದು ಕೇಳಿದವರಿಗೆ ಆಫೀಸಿನಿಂದ ಮೇಸ್ತ್ರಿಯ ಫೋನ್ ನಂಬರ್ ಸಿಕ್ಕಿತು. ಮಾಡಿದರೆ ಸ್ವಿಚ್ ಆಫ್. ಅವನೂ ಅದೇ ರೈಲಿನಲ್ಲಿದ್ದ.